ಮುನ್ನೂರಕ್ಕೆ ಏಳು ಕಡಿಮೆ

ಕಾಶಿಯ ಶಿವಾಲಾ ಬಡಾವಣೆಯ ಕೃಷ್ಣವೇಣಿಗೆ ಎರಡು ವಿಷಯಗಳಲ್ಲಿ ಭಾರಿ ಜಂಬ. ಒಂದು, ತಾನು ಕಟ್ಟಿದ ಬ್ಯಾಂಡೇಜು ಗಂಗೆಯಲ್ಲಿ ಮೂರು ಮುಳುಗು ಹಾಕಿದರೂ ಬಿಚ್ಚುವುದಿಲ್ಲ ಎಂಬುದು. ಇನ್ನೊಂದು, ತನ್ನ ಕೈಬರಹ. ಮೊದಲನೆಯದನ್ನು ಯಾರೂ ಮುಳುಗಿ ಪರೀಕ್ಷಿಸಿಲ್ಲ, ಆದ್ದರಿಂದ ಒಪ್ಪಿಕೊಳ್ಳೋಣ. ಎರಡನೆಯದಕ್ಕೆ ಸಾಕ್ಷಿ ಅವಳ ತವರಿನ ಕಪಾಟಿನಲ್ಲೇ ಇದೆ.

ತಂದೆ ಸಂಕರ್ಷಣಾಚಾರ್ಯರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವ ಪುರೋಹಿತರು. ಅಂಥ ಮನೆಗಳಲ್ಲಿ ವಹಿ ಎಂಬ ಉದ್ದನೆಯ ಪುಸ್ತಕ ಇರುತ್ತದೆ. ಬಂದವರ ಹೆಸರು, ತಂದೆಯ ಹೆಸರು, ಊರು, ಯಾರ ಸಲುವಾಗಿ ಬಂದರು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಐವತ್ತು ವರ್ಷ ಬಿಟ್ಟು ಮೊಮ್ಮಗ ಬಂದು ಕೇಳಿದರೆ, "ನಿಮ್ಮಜ್ಜ ಇಂಥ ಸಾಲಿನಲ್ಲಿ ಬಂದಿದ್ದರು ನೋಡಿ" ಎಂದು ತೆಗೆದು ತೋರಿಸಬೇಕು. ಹನ್ನೆರಡನೇ ವಯಸ್ಸಿನಿಂದಲೇ ಆ ವಹಿ ಬರೆದವಳು ಕೃಷ್ಣವೇಣಿ. "ವಹಿಯಲ್ಲಿ ಬಿದ್ದದ್ದು ಎಂದೂ ಸುಳ್ಳಾಗೋದಿಲ್ಲ ಕೂಸೇ" ಎಂದು ಆಚಾರ್ಯರು ಹೇಳಿಕೊಟ್ಟಿದ್ದರು. ಜೊತೆಗೆ, ಒಬ್ಬರ ವಹಿಯನ್ನು ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ ಎಂದೂ ಹೇಳಿಕೊಟ್ಟಿದ್ದರು. ಈ ಎರಡು ಪಾಠಗಳನ್ನು ಅವಳು ಎಷ್ಟು ಚೆನ್ನಾಗಿ ಕಲಿತಳೆಂದರೆ, ನಲವತ್ತೆಂಟನೇ ವಯಸ್ಸಿನಲ್ಲಿ ಅವೇ ಅವಳನ್ನು ಪೇಚಿಗೆ ಸಿಕ್ಕಿಸಿದವು.

ಗಂಡ ವೇದವ್ಯಾಸ ಕೇದಾರಘಾಟಿನಲ್ಲಿ ಪೌರೋಹಿತ್ಯ ಮಾಡುತ್ತಾನೆ. ಕೃಷ್ಣವೇಣಿ ನರ್ಸಿಂಗ್ ಓದಿ, ಹಲವು ನರ್ಸಿಂಗ್ ಹೋಮುಗಳಲ್ಲಿ ದುಡಿದು, ಈಗ ಕಂಟೋನ್ಮೆಂಟಿನ ಹತ್ತಿರ ಏಳುತ್ತಿರುವ ದೊಡ್ಡದೊಂದು ಯಾತ್ರಿನಿವಾಸದ ಕಟ್ಟಡದ ಕೆಲಸದಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುತ್ತಾಳೆ. ದಿನಾ ಬೆಳಗ್ಗೆ ಟೋಟೋ ಎಂಬ ಬ್ಯಾಟರಿ ರಿಕ್ಷಾ ಹತ್ತಿ, ಗೋದೌಲಿಯಾ ಚೌಕದ ಜನಜಂಗುಳಿಗೆ ಸಿಕ್ಕು, ಚಾಲಕನಿಗೆ ಅಪ್ಪಟ ಭೋಜಪುರಿಯಲ್ಲಿ ನಾಲ್ಕು ಬುದ್ಧಿ ಹೇಳಿ, ಒಂಬತ್ತಕ್ಕೆ ಸರಿಯಾಗಿ ಕೋಣೆಯ ಬೀಗ ತೆಗೆಯುತ್ತಾಳೆ. ನಾನೂರೈವತ್ತು ಕೂಲಿಯವರಿಗೆ ಅವಳು "ದೀದಿ".

ಆ ಕೆಲಸದ ಸುರಕ್ಷತಾ ಅಧಿಕಾರಿ ಪ್ರಾಣೇಶ. ದಾವಣಗೆರೆಯವನು, ಮೂವತ್ತೆರಡು ವರ್ಷ, ಸ್ವಲ್ಪ ಬೊಜ್ಜು, ತಲೆಯ ಮೇಲೆ ಸದಾ ಬಿಳಿ ಹೆಲ್ಮೆಟ್. ಬಂದ ಮೊದಲ ವಾರ ಅವನು ಫೋನಿನಲ್ಲಿ "ಊಟಕ್ಕೆ ಸತ್ತೇ ಹೋಗ್ತೀನಿ ಕಣಮ್ಮಾ, ಎಲ್ಲದಕ್ಕೂ ಆಲೂಗಡ್ಡೆ ಹಾಕ್ತಾರೆ" ಎಂದು ಗೋಳಾಡುತ್ತಿದ್ದದ್ದು ಕೃಷ್ಣವೇಣಿಯ ಕಿವಿಗೆ ಬಿತ್ತು. ಮುಗಿಯಿತಲ್ಲ! ಕಾಶಿಯಲ್ಲಿ ಹುಟ್ಟಿ ಬೆಳೆದವಳಿಗೆ ಮನೆಯಾಚೆ ಕನ್ನಡ ಕೇಳುವುದೇ ಹಬ್ಬ. ಸ್ವಂತ ಮಕ್ಕಳೇ "ಅಮ್ಮಾ, ಖಾನಾ ದೋ" ಎಂದು ಹಿಂದಿಯಲ್ಲಿ ಊಟ ಕೇಳುವ ಕಾಲ. ಮರುದಿನದಿಂದ ಅವಳ ಬುತ್ತಿಗೆ ಇನ್ನೊಂದು ಡಬ್ಬಿ ಸೇರಿತು. ಒಂದು ದಿನ ಹುಳಿ, ಒಂದು ದಿನ ಗೊಜ್ಜು, ಏಕಾದಶಿಯ ಮರುದಿನವಂತೂ ಭರ್ಜರಿ ಪಾಯಸ.

ಉಣ್ಣುತ್ತಾ ಪ್ರಾಣೇಶ ತನ್ನ ಲೆಕ್ಕವನ್ನು ಹೇಳಿಕೊಟ್ಟ. "ನೋಡಕ್ಕಾ, ನಾನೂರೈವತ್ತು ಜನ ದಿನಕ್ಕೆ ಎಂಟು ಗಂಟೆ ದುಡೀತಾರೆ. ಮುನ್ನೂರು ದಿನ ಆಗೋ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಗಂಟೆ. ಹತ್ತು ಲಕ್ಷ ಗಂಟೆಗೆ ಎಷ್ಟು ಜನಕ್ಕೆ ಪೆಟ್ಟಾಯ್ತು ಅನ್ನೋದೇ ನಮ್ಮ ದರ. ಒಬ್ಬನಿಗಾದ್ರೆ ಒಂದು, ಯಾರಿಗೂ ಆಗದಿದ್ರೆ ಸೊನ್ನೆ."

"ನಿನ್ನೆ ಒಬ್ಬನ ಕೈಗೆ ಆರು ಹೊಲಿಗೆ ಹಾಕಿಸಿಕೊಂಡು ಬಂದೆನಲ್ಲೋ! ಅದು ಪೆಟ್ಟಲ್ಲದೆ ಪಂಚಕಜ್ಜಾಯವೇ?"

"ಅವನು ಇವತ್ತು ಕೆಲಸಕ್ಕೆ ಬಂದಿದ್ದಾನಲ್ಲ. ಮರುದಿನ ಬರಕ್ಕಾಗದೆ ಇದ್ರೆ ಮಾತ್ರ ಅದು ದರಕ್ಕೆ ಸೇರೋ ಪೆಟ್ಟು."

ಗೇಟಿನ ಪಕ್ಕದ ಹಸಿರು ಹಲಗೆಯ ಮೇಲೆ ಅದನ್ನೇ ಬರೆದಿದ್ದರು. "ಕೆಲಸ ತಪ್ಪಿಸುವ ಅಪಘಾತವಿಲ್ಲದೆ ಕಳೆದ ದಿನಗಳು" ಎಂದು ಹಿಂದಿಯಲ್ಲಿ, ಕೆಳಗೆ ಮೊಳೆಗೆ ನೇತುಹಾಕಿದ ಅಂಕಿಗಳು. ಮುನ್ನೂರು ಮುಟ್ಟಿದರೆ ಕಂಪನಿಯಿಂದ ಪ್ರತಿಯೊಬ್ಬ ಕೂಲಿಯವರಿಗೂ ಐದು ಲೀಟರಿನ ಪ್ರೆಷರ್ ಕುಕ್ಕರ್. ಪ್ರಾಣೇಶನಿಗೆ ಕೇಳಿದ ಊರಿಗೆ ವರ್ಗ. ಅವನು ಕೇಳಿದ್ದು ಹುಬ್ಬಳ್ಳಿ. ಹೆಂಡತಿ ಶ್ರೀವಿದ್ಯಾ ದಾವಣಗೆರೆಯಲ್ಲಿ ತವರಿನಲ್ಲಿದ್ದಾಳೆ, ಈಗ ಅವಳಿಗೆ ಎಂಟು ತಿಂಗಳ ಬಸಿರು.

ಹೀಗಿರುವಾಗ ಕೃಷ್ಣವೇಣಿ ಏನು ಮಾಡಿದಳು? ನಮ್ಮ ಹುಡುಗ, ಊರು ಸೇರಲಿ ಪಾಪ ಎಂದುಕೊಂಡಳು. ತರಚು, ಉಳುಕು, ಹೊಲಿಗೆಗಳನ್ನು ಕಂಪನಿಯ ಫಾರಂಗೆ ಏರಿಸದೆ, ವಿಶ್ವನಾಥ ಗಲ್ಲಿಯಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದಳು. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಎಲ್ಲಿ ಬಿದ್ದದ್ದು, ಏನು ಪೆಟ್ಟು. ಬರೆದು ಮಡಿಸಿ ಕಪಾಟಿಗೆ ಇಟ್ಟರೆ ಮನಸ್ಸಿಗೆ ಸಮಾಧಾನ. ತಾನೇನೂ ಮುಚ್ಚಿಟ್ಟಿಲ್ಲ, ವಹಿಯಲ್ಲಿ ಬಿದ್ದಿದೆಯಲ್ಲ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವಳು ಕಣ್ಣು ಬಿಟ್ಟುಕೊಂಡು, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡೇ ಕುಡಿದಳು.

ಇನ್ನೂರ ಎಂಬತ್ತೊಂದನೇ ದಿನ ಶರಣ ಬಿದ್ದ.

ಶರಣ ಚಿತ್ತಾಪುರದ ಕಡೆಯವನು. ಶಹಾಬಾದ್ ಕಲ್ಲು ಹಾಸುವ ಆರು ಜನರ ತಂಡದೊಂದಿಗೆ ಬಂದಿದ್ದ. ಇಪ್ಪತ್ತಾರರ ಹುಡುಗ, ಕೆಲಸದಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಕಟ್ಟಡದ ಹಿಂಬದಿಯಲ್ಲಿ ಇಟ್ಟಿಗೆಗಳ ಮೇಲೆ ಎರಡು ಹಲಗೆ ಹಾಕಿ ಮೊದಲ ಮಹಡಿಗೆ ದಾರಿ ಮಾಡಿದ್ದರು. ಬೆನ್ನಮೇಲೆ ಕಲ್ಲು ಹೊತ್ತು ಅದರ ಮೇಲೆ ಹೋಗುವಾಗ ಹಲಗೆ ಜಾರಿತು. ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಆಸ್ಪತ್ರೆಯ ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಮಲಗಿರಬೇಕು. ಕಾಲು ಅಲುಗಾಡಿದರೆ ಎಲುಬು ಸೊಟ್ಟ ಕೂಡುತ್ತದೆ, ಆಮೇಲೆ ಈತ ಕುಕ್ಕರುಗಾಲಲ್ಲಿ ಕೂರುವುದನ್ನು ಮರೆಯಬೇಕು" ಎಂದರು. ಕಲ್ಲು ಹಾಸುವವನು ಕುಕ್ಕರುಗಾಲಲ್ಲಿ ಕೂರಲಾಗದಿದ್ದರೆ ತಿನ್ನುವುದು ಏನನ್ನು?

ಆದರೆ ಮರುದಿನ ಬೆಳಗ್ಗೆ ಟೋಟೋವೊಂದು ಗೇಟಿನೊಳಗೆ ಬಂತು. ಒಳಗೆ ಶರಣ, ಪ್ಲಾಸ್ಟರಿನ ಕಾಲು ಚಾಚಿಕೊಂಡು. ಇಬ್ಬರು ಅವನನ್ನು ಎತ್ತಿ ತಂದು ಕೃಷ್ಣವೇಣಿಯ ಕೋಣೆಯ ಕುರ್ಚಿಯ ಮೇಲೆ ಕೂರಿಸಿದರು.

"ಇದೇನೋ ಪ್ರಾಣೇಶಾ!"

"ಸುಮ್ನೆ ಕೂತಿರ್ತಾನಕ್ಕಾ. ಹಾಜರಿ ಬೀಳುತ್ತೆ, ಕೂಲಿಯೂ ಬರುತ್ತೆ. ಇನ್ನು ಹದಿನೆಂಟೇ ದಿನ."

ಕುಕ್ಕರಿನ ಆಸೆಗೆ ಇಡೀ ಕೆಲಸದ ಜಾಗವೇ ಶರಣನನ್ನು ಅಳಿಯದೇವರ ಹಾಗೆ ನೋಡಿಕೊಂಡಿತು. ಒಬ್ಬ ಚಹಾ ತಂದ, ಒಬ್ಬ ದಿಂಬು ತಂದ. ಮಣ್ಣು ಹೊರುವ ಕಮಲಾದೇವಿ ಕಡಲೆ ಹುರಿದು ತಂದು, ಕುಕ್ಕರಿನಲ್ಲಿ ಮೊದಲ ದಿನ ಏನು ಬೇಯಿಸುತ್ತೇನೆಂದು ವರ್ಣಿಸಿದಳು. ಪುಷ್ಯದ ಚಳಿ ಬೇರೆ, ಹಸಿ ಬಟಾಣಿಯ ಕಾಲ. ಶರಣ ಕೂತಲ್ಲೇ ಕೂತು ಕೃಷ್ಣವೇಣಿಯ ಮನೆಗೆ, ಪ್ರಾಣೇಶನ ರೂಮಿಗೆ, ಕಾವಲುಗಾರನ ಮನೆಗೆ, ಎಲ್ಲರಿಗೂ ಬಟಾಣಿ ಬಿಡಿಸಿದ. ವೇದವ್ಯಾಸ ಸಂಜೆ ಬಟಾಣಿ ಪಲ್ಯ ನೋಡಿ, "ಏನೇ ಇದು, ನಿನ್ನ ಕಂಪನಿ ಕಟ್ಟಡ ಕಟ್ಟೋದು ಬಿಟ್ಟು ತರಕಾರಿ ಮಂಡಿ ಇಟ್ಟಿತೇ?" ಎಂದು ಕೇಳಿದ. ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಟೋಟೋ ಗುಂಡಿಯಲ್ಲಿ ಇಳಿದು ಎದ್ದಾಗಲೆಲ್ಲ ಶರಣ ಹಲ್ಲು ಕಚ್ಚುತ್ತಿದ್ದ. ಕೇಳಿದರೆ "ಏನಿಲ್ರಿ ಅಕ್ಕಾರ, ಆರಾಮದೀನ್ರಿ" ಎನ್ನುತ್ತಿದ್ದ. ಹನ್ನೊಂದನೇ ದಿನ ಕಾಲ್ಬೆರಳು ಊದಿ ನೀಲಿಯಾದವು. ಕೃಷ್ಣವೇಣಿ ಯಾರನ್ನೂ ಕೇಳದೆ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಮತ್ತೊಂದು ಎಕ್ಸ್‌ರೇ ತೆಗೆಸಿದಳು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಎಲುಬು ಜರುಗಿತ್ತು. "ಮಲಗಿಸಿ ಅಂದಿದ್ದೆನಲ್ಲಾ? ಎರಡು ದಿನದೊಳಗೆ ಆಪರೇಷನ್ ಮಾಡಿ ಸರಿ ಕೂಡಿಸಬೇಕು. ತಡಮಾಡಿದರೆ ಕಾಲು ಹೀಗೇ ಉಳಿಯುತ್ತದೆ" ಎಂದು ಬೈದರು. ಬೈಗುಳವೆಲ್ಲ ಕೃಷ್ಣವೇಣಿಗೇ ತಗುಲಿತು. ತಗುಲಬೇಕಾದದ್ದೂ ಅವಳಿಗೇ.

ಆಪರೇಷನ್ ಆಗಬೇಕೆಂದರೆ ಕೆಲಸದಲ್ಲಿ ಆದ ಪೆಟ್ಟು ಎಂದು ಫಾರಂ ಹೋಗಬೇಕು. ಹೋದರೆ ಆಸ್ಪತ್ರೆಯ ಖರ್ಚು ಕಂಪನಿಯದು, ಮಲಗಿದ್ದಷ್ಟು ದಿನ ಕೂಲಿಯೂ ಉಂಟು. ಹೋದರೆ ಗೇಟಿನ ಅಂಕಿ ಸೊನ್ನೆಯಾಗುತ್ತದೆ. ಮರುದಿನ ಅವಳು ಬಂದಾಗ ಹಲಗೆಯ ಮೇಲೆ ಇನ್ನೂರ ತೊಂಬತ್ತಮೂರು ಎಂದು ನೇತಾಡುತ್ತಿತ್ತು. ಕೋಣೆಗೆ ಹೋಗಿ ಕೆಂಪು ವಹಿ ತೆರೆದು, ಹತ್ತು ತಿಂಗಳಲ್ಲಿ ಮೊದಲ ಬಾರಿಗೆ, ತಾನು ಬರೆದದ್ದನ್ನು ತಾನೇ ಓದಿದಳು. ನೂರ ಮೂವತ್ತೆಂಟು ಹೆಸರು. ಎಲ್ಲಿ ಬಿದ್ದದ್ದು ಎಂಬಲ್ಲಿ ಬೆರಳಿಟ್ಟುಕೊಂಡು ಇಳಿಯುತ್ತಾ ಹೋದಳು. ಹಿಂದಿನ ಹಲಗೆ, ಹಿಂದಿನ ಹಲಗೆ, ಮತ್ತೆ ಹಿಂದಿನ ಹಲಗೆ. ಎಣಿಸಿದರೆ ಮೂವತ್ತೊಂದು ಸಲ. ಶರಣನಿಗಿಂತ ಮೊದಲು ಮೂವತ್ತು ಜನರನ್ನು ಬೀಳಿಸಿದ ಹಲಗೆ ಅದು. ಅದನ್ನು ತೆಗೆಸಲು ಒಂದು ಮಾತು ಸಾಕಿತ್ತು. ಇವಳು ಅಂದವಾಗಿ ಬರೆದು ಕಪಾಟಿನಲ್ಲಿ ಇಟ್ಟಿದ್ದಳು. "ಸುಡು ನನ್ನ ಕೈಬರಹ" ಎಂದುಕೊಂಡು ವಹಿಯನ್ನು ಕಂಕುಳಲ್ಲಿ ಇರುಕಿಕೊಂಡು ಪ್ರಾಣೇಶನ ಕೋಣೆಗೆ ನಡೆದಳು.

ಪ್ರಾಣೇಶ ಓದಿದ. ಮುಖ ಕಪ್ಪಿಟ್ಟಿತು. "ಹಲಗೆ ಇವತ್ತೇ ತೆಗೆಸ್ತೀನಕ್ಕಾ. ಆದ್ರೆ ಫಾರಂ ಏಳು ದಿನ ಬಿಟ್ಟು ಕಳಿಸೋಣ. ಏಳೇ ದಿನ, ದಮ್ಮಯ್ಯ."

"ಡಾಕ್ಟರು ಎರಡು ದಿನ ಅಂದಿದ್ದಾರೆ."

"ಶ್ರೀವಿದ್ಯಾಗೆ ಮಾತು ಕೊಟ್ಟಿದ್ದೀನಿ, ಹೆರಿಗೆ ಹೊತ್ತಿಗೆ ಬಂದೇ ಬರ್ತೀನಿ ಅಂತ. ನೀನೇ ಅಂಟಿನುಂಡೆ ಕಟ್ಟಿಕೊಡ್ತೀನಿ ಅಂದಿದ್ದೆ. ಇಷ್ಟು ದಿನ ನನ್ನ ಜೊತೆಗಿದ್ದು ಈಗ ಕೈ ಬಿಡ್ತೀಯಾ?"

ತಮ್ಮನಂಥ ಹುಡುಗ, ಅವಳ ಕೈಯ ಹುಳಿಗೆ ಕಣ್ಣು ಮುಚ್ಚಿ ಸೊರ್‍ರೆನ್ನುವವನು. "ಪ್ರಾಣೇಶಾ, ನಿನ್ನ ವರ್ಗ ಈ ಸಲ ತಪ್ಪಿದರೆ ಬರುವ ಸಲ ಸಿಕ್ಕೀತು. ಅವನ ಕಾಲು ಈ ಸಲ ತಪ್ಪಿದರೆ ತಪ್ಪಿತು" ಎಂದಳು. ಅವನು ಕಿಟಕಿಯ ಕಡೆ ತಿರುಗಿ ನಿಂತ. ಸಹಿ ಹಾಕಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸುರಕ್ಷತಾ ಅಧಿಕಾರಿ ಸಹಿ ಹಾಕದಿದ್ದರೂ ಫಾರಂ ಕಳಿಸಲು ನರ್ಸಿನ ಸಹಿ ಸಾಕಾಗುತ್ತಿತ್ತು. ಇಷ್ಟು ದಿನ ಅವಳಿಗೆ ಅದು ಬೇಕಾಗಿರಲಿಲ್ಲ, ಅಷ್ಟೇ. ಕೋಣೆಗೆ ಮರಳಿ ಶರಣನ ಎದುರೇ ಕೂತು ಬರೆದಳು. ಕೆಳಗೆ ಪೆಟ್ಟಾದವನೂ ಸಹಿ ಹಾಕಬೇಕಲ್ಲ, ಏನು ಬರೆದಿದ್ದೇನೆಂದು ಕನ್ನಡದಲ್ಲೇ ಹೇಳಿದಳು. "ಶರಣ, ತಂದೆ ಮಹಾಂತಯ್ಯ. ಕೆಲಸ ಮಾಡುವಾಗ ಹಲಗೆ ಜಾರಿ ಎಡಗಾಲಿನ ಎಲುಬು ಮುರಿದಿದೆ. ಹನ್ನೆರಡು ದಿನದಿಂದ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ."

ಶರಣ ಪೆನ್ನು ಹಿಡಿದುಕೊಂಡು ಕೇಳಿದ.

"ಅಕ್ಕಾರ, ಹಂಗಾದ್ರ ನನ್ನ ಕಾಲು ಮುರದದ್ದು ಈಗ ಖರೇ ಆತೇನ್ರಿ?"

"ಇದೇನು ಮಾತೋ!"

"ಅಲ್ರೀ, ದಿನಾ ಎಲ್ಲಾರೂ ಏನೂ ಆಗಿಲ್ಲ ಏನೂ ಆಗಿಲ್ಲ ಅಂತಾರ. ಚಾ ಕೊಡ್ತಾರ, ಕಡ್ಲಿ ಕೊಡ್ತಾರ. ನೋವಾಗ್ತದ ಅಂತ ಹ್ಯಾಂಗ ಹೇಳ್ಲಿ? ನಂದಽ ಸುಳ್ಳ ಇರಬೇಕು ಅನಸಲಾಕತ್ತಿತ್ರಿ." ಹೇಳುತ್ತಾ ಹೇಳುತ್ತಾ ಆ ಗಟ್ಟಿ ಆಳು ಮಗುವಿನ ಹಾಗೆ ಅತ್ತುಬಿಟ್ಟ. ಕೃಷ್ಣವೇಣಿಯೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಫಾರಂ ಕಳಿಸಿ, ಆಂಬುಲೆನ್ಸಿಗೆ ಫೋನು ಮಾಡಿದಳು.

ಊಟದ ಹೊತ್ತಿಗೆ ಕಾವಲುಗಾರ ಎರಡು, ಒಂಬತ್ತು, ಮೂರನ್ನು ಇಳಿಸಿ ಒಂದು ಸೊನ್ನೆ ಹಾಕಿದ. ಸೊನ್ನೆ ಹಾಕಿದ್ದೇ ತಡ, ರಂಪ! ಕಮಲಾದೇವಿ ಸೊಂಟದ ಮೇಲೆ ಕೈಯಿಟ್ಟು ಕೋಣೆಯ ಬಾಗಿಲಿಗೇ ಬಂದಳು. "ಏ ದೀದಿ, ಹಮಾರ ಕುಕರ್ ತ ತೂ ಖಾ ಗಇಲೂ!" ಎಂದಳು. ನನ್ನ ಕುಕ್ಕರನ್ನು ನೀನೇ ನುಂಗಿದೆಯಲ್ಲ ಎಂದು. ಅವಳ ಹಿಂದೆ ಮೂವತ್ತು ನಲವತ್ತು ಜನ. ಮದುವೆ ಮನೆಯಲ್ಲಿ ಪಾಯಸ ಚೆಲ್ಲಿದವಳನ್ನು ನೋಡುವ ಹಾಗೆ ಎಲ್ಲರೂ ಕೃಷ್ಣವೇಣಿಯನ್ನು ನೋಡುತ್ತಿದ್ದರು.

ಅವಳಿಗೂ ಸಿಟ್ಟು ನೆತ್ತಿಗೇರಿತು. ವಹಿಯನ್ನು ಯಾರಿಗೂ ತೋರಿಸಬಾರದು ಎಂಬ ಅಪ್ಪನ ಪಾಠವನ್ನು ಅಪ್ಪನಿಗೇ ಒಪ್ಪಿಸಿ, ಮೆಟ್ಟಿಲ ಮೇಲೆ ನಿಂತು ಜೋರಾಗಿ ಹಿಂದಿಯಲ್ಲಿ ಓದಿದಳು. "ಕಮಲಾದೇವಿ, ಊರು ಭಭುವಾ. ಹಿಂದಿನ ಹಲಗೆ. ಬಲಗೈ ಹೆಬ್ಬೆರಳು, ನಾಲ್ಕು ಹೊಲಿಗೆ." ಕಮಲಾದೇವಿಯ ಕೈ ಸೊಂಟದಿಂದ ತಾನಾಗಿ ಇಳಿಯಿತು. ಕೃಷ್ಣವೇಣಿ ನಿಲ್ಲಿಸಲಿಲ್ಲ. ಹೆಸರು, ಊರು, ಹಿಂದಿನ ಹಲಗೆ. ಹೆಸರು, ಊರು, ಹಿಂದಿನ ಹಲಗೆ. ಹತ್ತನೇ ಹೆಸರಿನ ಹೊತ್ತಿಗೆ ಗದ್ದಲ ಅಡಗಿತ್ತು. ಇಪ್ಪತ್ತನೇ ಹೆಸರಿನ ಹೊತ್ತಿಗೆ ಕೆಲವರು ತಮ್ಮ ತಮ್ಮ ಮೊಣಕೈ, ಮಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಇದನ್ನು ನಾನು ಮೊದಲೇ ಹೇಳಬೇಕಾಗಿತ್ತು. ಹೇಳದೇ ಇದ್ದದ್ದು ನನ್ನ ತಪ್ಪು" ಎಂದು ಮುಗಿಸಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಹೊರಗೆ ಏನೋ ಸದ್ದು. ಕಿಟಕಿಯಿಂದ ನೋಡಿದರೆ ಕಮಲಾದೇವಿಯೇ ಮುಂದೆ ನಿಂತು ಆ ಎರಡೂ ಹಲಗೆಗಳನ್ನು ಎಳೆಸಿ ಹಾಕುತ್ತಿದ್ದಳು. ಬಾಯಿ ತುಂಬ ಭೋಜಪುರಿಯ ಬೈಗುಳ, ಪೂರ್ತಿ ಹಲಗೆಗೆ.

ಮಾರನೆಯ ದಿನವೇ ಶರಣನಿಗೆ ಆಪರೇಷನ್ ಆಯಿತು. ಎಲುಬಿಗೆ ಪಟ್ಟಿ ಕೂರಿಸಿ ಸರಿಮಾಡಿದ್ದಾರೆ, ಮೂರು ತಿಂಗಳಲ್ಲಿ ಕುಕ್ಕರುಗಾಲಲ್ಲೂ ಕೂರಬಹುದು ಎಂದು ಡಾಕ್ಟರು ಹೇಳಿದ ಮೇಲೆಯೇ ಕೃಷ್ಣವೇಣಿ ಆ ದಿನ ಮೊದಲ ಲೋಟ ಕಾಫಿ ಕುಡಿದದ್ದು. ಕೆಲಸಕ್ಕೆ ಬಂದು ನೋಡಿದರೆ ಕೋಣೆಯ ಮುಂದೆ ಸಾಲು. ಯಾರಿಗೂ ಹೊಸ ಗಾಯವಿಲ್ಲ. ಎಲ್ಲರದೂ ಹಳೆಯದು, ವಹಿಗೂ ಸಿಗದೆ ಬಚ್ಚಿಟ್ಟುಕೊಂಡದ್ದು. ಒಬ್ಬನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಒಬ್ಬನ ಉಗುರೇ ಹೋಗಿತ್ತು, ಇನ್ನೊಬ್ಬ ಆರು ತಿಂಗಳಿಂದ ಸೊಂಟಕ್ಕೆ ಬಿಗಿಯಾಗಿ ಪಂಚೆ ಸುತ್ತಿಕೊಂಡು ಇಟ್ಟಿಗೆ ಹೊರುತ್ತಿದ್ದ. "ದೀದಿ, ನಮ್ಮದನ್ನೂ ಬರೆಯಿರಿ" ಎಂದರು. ಅವಳು ಈ ಸಲ ಕಂಪನಿಯ ಫಾರಂ ಮೇಲೆಯೇ ಬರೆದಳು. ದರ ಏರಿತು. ಏರಲಿ ಬಿಡಿ.

ಸಾಲು ಕರಗುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ತಲೆಯೆತ್ತದೆ "ಹೆಸರು?" ಎಂದು ಹಿಂದಿಯಲ್ಲಿ ಕೇಳಿದಳು. ಆಮೇಲೆ ತಲೆಯೆತ್ತಿದಳು. ನೋಡಿದರೆ ಪ್ರಾಣೇಶ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ನಿನ್ನೆಯಿಂದ ಅವಳೊಡನೆ ಮಾತು ಬಿಟ್ಟಿದ್ದವನು.

"ವರ್ಗ ಇಲ್ಲ ಅಂತ ಹೆಡ್ಡಾಫೀಸಿನಿಂದ ಫೋನ್ ಬಂತು" ಎಂದ. "ಹೆರಿಗೆಗೆ ಹತ್ತು ದಿನ ರಜೆ ಕೊಡ್ತಾರಂತೆ."

"ಬೈಯೋದಿದ್ದರೆ ಬೈದುಬಿಡಪ್ಪ. ಕೇಳಿಸಿಕೊಳ್ತೀನಿ."

"ಬೈಯಕ್ಕೆ ಬಂದಿಲ್ಲಕ್ಕಾ. ನಂದೂ ಬರ್ಕೋ."

ಅವಳಿಗೆ ಅರ್ಥವಾಗಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ. "ಶ್ರಾವಣದಲ್ಲಿ ಮಳೆ ಬಂದಿತ್ತಲ್ಲ, ಎರಡು ದಿನ ಜ್ವರ ಅಂತ ರಜೆ ಹಾಕಿದ್ದೆ. ಜ್ವರ ಅಲ್ಲ. ಆ ಹಲಗೆ ಮೇಲೆ ನಾನೂ ಬಿದ್ದೆ. ನೂರ ಇಪ್ಪತ್ತೇಳನೇ ದಿನ ಅದು. ನಿಯಮದ ಪ್ರಕಾರ ಅವತ್ತೇ ಬೋರ್ಡು ಸೊನ್ನೆ ಆಗಬೇಕಿತ್ತು. ಆಮೇಲಿನ ಲೆಕ್ಕ ಎಲ್ಲ ಬರೀ ಸುಳ್ಳು."

"ಅಯ್ಯೋ ಪಾಪಿ! ಅವತ್ತೇ ತೆಗೆಸಿದ್ದರೆ..." ಎಂದವಳು ಅವನ ಮುಖ ನೋಡಿ ಸುಮ್ಮನಾದಳು. ಮುಂದಿನ ಮಾತು ಅವನಿಗೂ ಗೊತ್ತಿತ್ತು, ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದವನ ಕಣ್ಣು ಅವು. "ಎಲ್ಲಿ ಪೆಟ್ಟು?" ಎಂದು ಕೇಳಿದಳು.

ಅವನು ಬಲಗೈ ಮೇಲೆತ್ತಲು ನೋಡಿದ. ಎದೆಯ ಮಟ್ಟಕ್ಕೆ ಬಂದು ಕೈ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಏರಲಿಲ್ಲ. ಐದು ತಿಂಗಳು ಮಾತ್ರೆ ನುಂಗಿಕೊಂಡು, ಯಾರ ಎದುರಿಗೂ ಕೈ ಮೇಲೆತ್ತದೆ ತಿರುಗಾಡಿದ್ದ.

"ಶ್ರೀವಿದ್ಯಾಗೂ ಹೇಳಿಲ್ಲಕ್ಕಾ" ಎಂದ. "ಬರೋ ತಿಂಗಳು ಮಗು ಎತ್ಕೋಬೇಕು."

ಕೃಷ್ಣವೇಣಿ ಅವನ ಕೈಯನ್ನು ಮೆಲ್ಲಗೆ ಹಿಡಿದು ಮಡಿಲಿಗೆ ಇಳಿಸಿದಳು. ಆಮೇಲೆ ಹೊಸ ಫಾರಂ ಒಂದನ್ನು ಎಳೆದುಕೊಂಡು ಅವನ ಹೆಸರು ಬರೆದು, ತಂದೆಯ ಹೆಸರೇನೆಂದು ಕೇಳಿದಳು.